ಓಲ್ಡ್ ಬೈಲಿ ಎದುರು ಒಂದು ಪಾಸ್‌ಪೋರ್ಟ್ ಕಥೆ

ಬಸ್ಸುಗಳ ಗಲಾಟೆ ಜಾಸ್ತಿ ಇತ್ತು. ಹಾಗಾಗಿ ಮನೆಗೆ ಬಂದು ಈ ವೀಡಿಯೋಗೆ ದನಿ ಸೇರಿಸುತ್ತಿದ್ದೇನೆ. ಇದು ಲಂಡನ್ನಿನ ಓಲ್ಡ್ ಬೈಲಿ ಕೋರ್ಟ್. ತುದಿಯಲ್ಲಿ ಚಿನ್ನದ ಬಣ್ಣದ ನ್ಯಾಯದೇವತೆ ಕಾಣಿಸಿದಳಾ? ಇವಳ ಕಣ್ಣಿಗೆ ಬಟ್ಟೆ ಕಟ್ಟಿಲ್ಲ, ನೋಡಿ. ಒಳಗೆ ಫೋನು, ಕ್ಯಾಮೆರಾ ಬಿಡುವುದಿಲ್ಲ. ಸುಮ್ನೆ ಫುಟ್‌ಪಾತಿನಲ್ಲೇ ನಿಂತು ನೋಡಿದೆ.

ನಾನು ಬಂದದ್ದು ವಿಲಿಯಂ ಜಾಯ್ಸ್‌ನ ಕಥೆಗಾಗಿ. ಎರಡನೇ ಮಹಾಯುದ್ಧದುದ್ದಕ್ಕೂ ಜರ್ಮನಿಯ ರೇಡಿಯೋದಿಂದ ಇಂಗ್ಲಿಷಿನಲ್ಲಿ ನಾಜಿಗಳ ಪ್ರಚಾರ ಮಾಡಿದವನು. 'ಲಾರ್ಡ್ ಹಾ-ಹಾ' ಎಂಬ ಅಡ್ಡಹೆಸರು ಕೊನೆಗೆ ಇವನಿಗೇ ಅಂಟಿಕೊಂಡಿತು. ಬ್ರಿಟನ್ನಿನ ಜನ ಬೈಯುತ್ತಲೇ ಕೇಳುತ್ತಿದ್ದರು.

1945ರ ಮೇ 28. ಜರ್ಮನಿಯ ಫ್ಲೆನ್ಸ್‌ಬರ್ಗ್ ಹತ್ತಿರದ ಕಾಡಿನಲ್ಲಿ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಸೌದೆ ಆರಿಸುತ್ತಿದ್ದರು. ಅಲ್ಲೇ ಇದ್ದ ಒಬ್ಬ ತಾನಾಗಿ ಮಾತಿಗಿಳಿದ. ದನಿ ಕೇಳಿದ್ದೇ ತಡ, ಗುರುತು ಸಿಕ್ಕಿತು. ನೀನು ಜಾಯ್ಸ್ ಅಲ್ವಾ ಎಂದಾಗ ಜೇಬಿಗೆ ಕೈ ಹಾಕಿದ. ಪಿಸ್ತೂಲು ಅಂದುಕೊಂಡು ಗುಂಡು ಹಾರಿಸಿಬಿಟ್ಟರು. ಜೇಬಿನಲ್ಲಿದ್ದದ್ದು ಸುಳ್ಳು ಹೆಸರಿನ ಜರ್ಮನ್ ಪಾಸ್‌ಪೋರ್ಟ್.

ಅವನನ್ನು ನೇಣಿಗೆ ಹಾಕಿದ್ದೂ ಒಂದು ಪಾಸ್‌ಪೋರ್ಟೇ. ಸೆಪ್ಟೆಂಬರ್ 17ರಿಂದ ಮೂರು ದಿನ ಇಲ್ಲಿ ವಿಚಾರಣೆ ನಡೆಯಿತು. ರಾಜದ್ರೋಹದ ಮೂರು ಆರೋಪಗಳಲ್ಲಿ ಎರಡು ಬಿದ್ದುಹೋದವು. ಯಾಕೆ ಗೊತ್ತಾ? ಅವನು ಬ್ರಿಟಿಷನೇ ಅಲ್ಲ! ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. 1940ರಲ್ಲಿ ಜರ್ಮನಿಯ ಪ್ರಜೆಯಾದ. ಹೊರಗಿನವನು ಬ್ರಿಟನ್ನಿನ ರಾಜನಿಗೆ ದ್ರೋಹ ಮಾಡುವುದು ಹೇಗೆ?

ಆದರೆ 1933ರಲ್ಲಿ, ಐರ್ಲೆಂಡಿನ ಗಾಲ್ವೇಯಲ್ಲಿ (ಅವನು ಹುಟ್ಟಿದ ಕಾಲಕ್ಕೆ ಅದು ಬ್ರಿಟಿಷರ ಆಳ್ವಿಕೆಯಲ್ಲಿತ್ತು) ಹುಟ್ಟಿದೆ ಅಂತ ಸುಳ್ಳು ಬರೆದು ಬ್ರಿಟಿಷ್ ಪಾಸ್‌ಪೋರ್ಟ್ ಪಡೆದಿದ್ದ. (ನಾನು ಹುಟ್ಟಿದೂರಿನ ಸ್ಪೆಲಿಂಗಿನಲ್ಲಿ ಒಂದಕ್ಷರ ತಪ್ಪಿ ಎರಡು ಸಲ ಅಲೆದಿದ್ದೇನೆ!) ಬ್ರಿಟನ್ ಯುದ್ಧಕ್ಕಿಳಿಯುವ ಹತ್ತು ದಿನ ಮುಂಚೆ ಅದನ್ನು ರಿನ್ಯೂ ಕೂಡ ಮಾಡಿಸಿದ. ಅವಧಿ 1940ರ ಜುಲೈ 2ರವರೆಗೆ. ಸರ್ಕಾರಿ ವಕೀಲ ಹಾರ್ಟ್‌ಲಿ ಶಾಕ್ರಾಸ್ ಅದನ್ನೇ ಹಿಡಿದರು. ಪಾಸ್‌ಪೋರ್ಟ್ ಇರುವಷ್ಟು ದಿನ ರಾಜನ ರಕ್ಷಣೆ ಇತ್ತು, ರಕ್ಷಣೆ ಇದ್ದ ಮೇಲೆ ನಿಷ್ಠೆಯೂ ಇರಬೇಕು. ಹೀಗೆ ಮೂರನೇ ಆರೋಪ ನಿಂತು ಮರಣದಂಡನೆಯಾಯಿತು. ಅಷ್ಟು ವರ್ಷಗಳ ಪ್ರಚಾರದಲ್ಲಿ ಲೆಕ್ಕಕ್ಕೆ ಬಂದದ್ದು ಮೊದಲ ಒಂಬತ್ತೂವರೆ ತಿಂಗಳು ಮಾತ್ರ.

ಜಾಯ್ಸ್ ಯಹೂದಿ ದ್ವೇಷಿ. ಅವನ ಮೇಲೆ ನನಗೆ ಕನಿಕರವೇನಿಲ್ಲ. ಆದರೂ ಈ ವಾದ ಸ್ವಲ್ಪ ಎಳೆದು ಕಟ್ಟಿದಂತೆಯೇ ಕಾಣುತ್ತದೆ. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಡಿಸೆಂಬರ್‌ನಲ್ಲಿ ಮೇಲ್ಮನವಿ ತಳ್ಳಿಹಾಕಿತು. ನಾಲ್ವರು ನ್ಯಾಯಮೂರ್ತಿಗಳು ಒಂದು ಕಡೆ, ಲಾರ್ಡ್ ಪೋರ್ಟರ್ ಒಬ್ಬರೇ ಇನ್ನೊಂದು ಕಡೆ. ಕಾರಣಗಳನ್ನು ಆಮೇಲೆ ಹೇಳುತ್ತೇವೆ ಎಂದರು. 1946ರ ಜನವರಿ 3ರಂದು ವಾಂಡ್ಸ್‌ವರ್ತ್ ಜೈಲಿನಲ್ಲಿ ನೇಣಾಯಿತು. ಕಾರಣಗಳು ಬಂದದ್ದು ಫೆಬ್ರವರಿ 1ಕ್ಕೆ. ಪ್ರಚಾರ ಮಾಡುವಾಗ ಆ ಪಾಸ್‌ಪೋರ್ಟನ್ನು ಅವನು ಇನ್ನೂ ಇಟ್ಟುಕೊಂಡಿದ್ದನೇ ಎಂಬುದನ್ನು ಜ್ಯೂರಿಗೆ ಬಿಡಬೇಕಿತ್ತು ಅಂತ ಪೋರ್ಟರ್ ಬರೆದಿದ್ದರು.