ಗೌಡರ ಮೆಟ್ಟು ಮೊದಲು, ಮುಖ ಆಮೇಲೆ: ಸಿನಿಮಾದಲ್ಲಿ ದರ್ಪ ಹುಟ್ಟೋದು ಎಲ್ಲಿ?

[ಪರದೆ ಕಪ್ಪು. ಮೆಟ್ಟಿನ ಸದ್ದು ಮಾತ್ರ. ಕಿರ್ರ್… ಕಿರ್ರ್… ಕಿರ್ರ್…]

ಈ ಸದ್ದು ಕೇಳಿ ನಿಮ್ಮ ಕಣ್ಣ ಮುಂದೆ ಯಾರು ಬಂದರು? ನಿಜ ಹೇಳಿ. ಗರಿಗರಿ ಪಂಚೆ, ಹುರಿ ಮೀಸೆ, ಹಿಂದೆ ಛತ್ರಿ ಹಿಡಿದ ಒಬ್ಬ ಆಳು. ನಾನಿನ್ನೂ ಮುಖ ತೋರಿಸಿಲ್ಲ, ಒಂದು ಡೈಲಾಗೂ ಹೇಳಿಸಿಲ್ಲ. ಆದರೂ ಗೌಡರು ಬಂದರು ಅಂತ ನಿಮಗೆ ಗೊತ್ತಾಗಿ ಹೋಯಿತು.

[ನಿರೂಪಕ ಕ್ಯಾಮೆರಾ ಮುಂದೆ. ಹಿಂದೆ ಮೈಸೂರಿನ ನಮ್ಮ ರೂಮಿನ ಅದೇ ಹಳೇ ಗೋಡೆ.]

ನಮಸ್ಕಾರ. ಹೋದ ತಿಂಗಳು ಪಾಂಡವಪುರದ ಕಡೆಯ ಒಬ್ಬ ಹುಡುಗ ಸಿಕ್ಕಿದ್ದ. ಸೀದಾ ಕೇಳಿದ: "ಅಣ್ಣಾ, ನಮ್ ಸಿನ್ಮಾದಲ್ಲಿ ಗೌಡ ಬಂದ್ರೆ ಯಾಕಣ್ಣಾ ಫಸ್ಟು ಚಪ್ಪಲೀನೇ ತೋರುಸ್ತಾರೆ? ಅವ್ರಿಗೆ ಮೊಖ ಇಲ್ವಾ?"

ಅವತ್ತು ನಕ್ಕುಬಿಟ್ಟೆ. ಆದರೆ ಪ್ರಶ್ನೆ ಬಿಡಲಿಲ್ಲ. ಅದಕ್ಕೇ ಈ ವಿಡಿಯೋ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಗೌಡ ಅಂದರೆ ಜಾತಿ ಅಲ್ಲ, ಸಿನಿಮಾದ ಊರ ಯಜಮಾನ. ನಮ್ಮ ಮಂಡ್ಯದ ನಿಜವಾದ ಗೌಡರಲ್ಲಿ ಸೊಸೈಟಿ ಸಾಲಕ್ಕೆ ಕ್ಯೂ ನಿಲ್ಲೋರೇ ಜಾಸ್ತಿ. ಜಗಳಕ್ಕೆ ಬರಬೇಡಿ.

ಬೇಸಿಕ್ಸ್ ಬೇಗ ಮುಗಿಸೋಣ. ಕ್ಯಾಮೆರಾ ಕೆಳಗಿಟ್ಟು ಮೇಲಕ್ಕೆ ತಿರುಗಿಸಿದರೆ ಲೋ ಆ್ಯಂಗಲ್. ಮನುಷ್ಯ ದೊಡ್ಡದಾಗಿ ಕಾಣುತ್ತಾನೆ. ಮೇಲಿಂದ ಕೆಳಕ್ಕೆ ನೋಡಿದರೆ ಹೈ ಆ್ಯಂಗಲ್. ಕುಗ್ಗಿ ಹೋಗುತ್ತಾನೆ. ಇಷ್ಟೇ. ಇದನ್ನು ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ 1941ರ 'ಸಿಟಿಜನ್ ಕೇನ್' ಸಿನಿಮಾದಲ್ಲಿ ಎಲ್ಲಿಗೆ ಒಯ್ದರು ಗೊತ್ತಾ? ಕ್ಯಾಮೆರಾ ಎಷ್ಟು ಕೆಳಗಿಟ್ಟರೂ ಸಾಲದು ಅನ್ನಿಸಿ, ಸ್ಟುಡಿಯೋ ನೆಲವನ್ನೇ ಕೊರೆಸಿ ಹಳ್ಳದೊಳಗೆ ಕ್ಯಾಮೆರಾ ಇಡಿಸಿದರು. ಅಷ್ಟು ಕೆಳಗಿನಿಂದ ನೋಡಿದರೆ ಮನೆಯ ಸೂರು ಕಾಣಬೇಕಲ್ಲ, ಸೆಟ್ಟಿಗೆ ಸೂರೇ ಇರುವುದಿಲ್ಲ. ಅದಕ್ಕೆ ಮೇಲೆ ಬಟ್ಟೆ ಕಟ್ಟಿ ಸೂರು ಮಾಡಿದರು. ಮೈಕುಗಳನ್ನು ಅದರ ಮೇಲೆ ಬಚ್ಚಿಟ್ಟರು. ಮಜಾ ಏನೆಂದರೆ, ಆ ಗುಂಡಿಯಿಂದ ತೆಗೆದ ದೃಶ್ಯದಲ್ಲಿ ನಾಯಕ ಎಲೆಕ್ಷನ್ ಸೋತು ನಿಂತಿದ್ದಾನೆ. ದೊಡ್ಡದಾಗಿ ಕಾಣುತ್ತಾನೆ, ಆದರೆ ಸೋತಿದ್ದಾನೆ. ಅಂದರೆ 'ಕೆಳಗಿಂದ ತೆಗೆದರೆ ಶಕ್ತಿ' ಅನ್ನುವ ಸೂತ್ರ ಯಾವಾಗಲೂ ನಿಜ ಅಲ್ಲ.

ಆದರೆ ನಮ್ಮ ಕಡೆ ನೆಲ ಅಗೆಯೋ ಕಷ್ಟವೇ ಇಲ್ಲ. ನಮ್ಮ ಹಿರೀಕರು ಲೋ ಆ್ಯಂಗಲ್ಲನ್ನು ಮನೆ ಕಟ್ಟುವಾಗಲೇ ಕಟ್ಟಿಬಿಟ್ಟಿದ್ದಾರೆ. ಅದರ ಹೆಸರು ಜಗಲಿ.

[ದೃಶ್ಯ: ತೊಟ್ಟಿಮನೆಯ ಮುಂಭಾಗ. ಜಗಲಿಗೆ ಟೇಪ್ ಹಿಡಿದು ಅಳೆಯುತ್ತಿರುವ ಕೈ.]

ಮದ್ದೂರಿನ ಕಡೆ ಗೆಳೆಯನ ಊರಿಗೆ ಹೋಗಿದ್ದೆವು. ಹಳೇ ತೊಟ್ಟಿಮನೆ. ಜಗಲಿ ಅಳೆದೆವು, ಎರಡೂವರೆ ಅಡಿ. ಅದರ ಮೇಲೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯನನ್ನು ಗೌಡ ಮಾಡಿ ಚಕ್ಕಂಬಕ್ಕಲ ಹಾಕಿ ಕೂರಿಸಿದೆವು. ಅಂಗಳದಲ್ಲಿ ಇನ್ನೊಬ್ಬ ಆಳಾಗಿ ನಿಂತ. ಟೇಪ್ ಹಿಡಿದು ಇಬ್ಬರ ಕಣ್ಣಿನ ಎತ್ತರ ನೋಡಿದರೆ ಹೆಚ್ಚುಕಡಿಮೆ ಒಂದೇ! ಎರಡೂ ಐದಡಿ ಹತ್ತಿರ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಲೆಕ್ಕ ನನ್ನ ತಲೆ ಕೆಡಿಸಿದೆ.

ಕೂತವನೂ ನಿಂತವನೂ ಸಮ. ಆದರೆ ಗೌಡನ ಕಣ್ಣಿಗೆ ಆಳು ಸಮ ಕಾಣಬಾರದು. ಹಾಗಾದರೆ ಆಳು ಏನು ಮಾಡಬೇಕು? ಬಗ್ಗಬೇಕು. ಇಲ್ಲ ಕುಕ್ಕರಗಾಲಲ್ಲಿ ಕೂರಬೇಕು. ಜಗಲಿ ತಾನಾಗಿ ಅವನನ್ನು ಕೆಳಗಿಡುವುದಿಲ್ಲ. ಅವನೇ ಪ್ರತಿ ಸಲ, ತನ್ನ ಬೆನ್ನು ಬಗ್ಗಿಸಿ, ಆ ವ್ಯತ್ಯಾಸ ಉಂಟುಮಾಡಬೇಕು. ಇನ್ನು ಗೌಡ ಕೋಪದಿಂದ ಜಗಲಿ ಮೇಲೆಯೇ ಎದ್ದು ನಿಂತನೋ, ಎಂಟಡಿ! ನಮ್ಮ ಬ್ಯಾಂಕ್ ಗೆಳೆಯ ಎಂಟಡಿ ಆಗಿದ್ದು ಅವನ ಜೀವನದಲ್ಲೇ ಮೊದಲ ಸಲ. ಇಳಿಯೋಕೆ ಒಪ್ಪಲಿಲ್ಲ.

ಈಗ ಟವೆಲ್. ಹಳೇ ಮೈಸೂರು ಸೀಮೆಯಲ್ಲಿ ದೊಡ್ಡವರು ಎದುರಾದರೆ ಹೆಗಲ ಮೇಲಿನ ಟವೆಲ್ ಇಳಿಯುತ್ತಿತ್ತು. ಹೆಗಲಿಂದ ಕೈಗೆ, ಕೈಯಿಂದ ಕಂಕುಳಿಗೆ, ಇಲ್ಲ ಸೊಂಟಕ್ಕೆ. ಬಾಯಲ್ಲಿ "ಬುದ್ಧೀ", ಅಂದರೆ ಒಡೆಯಾ, ಅನ್ನುವ ಒಂದೇ ಮಾತು. ಅತ್ತ ಕಡೆಯಿಂದ "ಏನ್ಲಾ?"

ನಮ್ಮ ಆಳಿನ ಪಾತ್ರಧಾರಿ ಮೊದಲ ಟೇಕಿನಲ್ಲಿ ಏನು ಮಾಡಿದ? ಗೌಡನ ಮುಖ ನೋಡಿ, ಆಮೇಲೆ ಟವೆಲ್ ತೆಗೆದ. ನಾಟಕ ನಾಟಕ ಅನ್ನಿಸಿತು. ಎರಡನೇ ಟೇಕಿನಲ್ಲಿ ಮೆಟ್ಟಿನ ಸದ್ದು ಕೇಳಿದ್ದೇ ತೆಗೆದ. ಗೌಡ ಇನ್ನೂ ಫ್ರೇಮಿಗೇ ಬಂದಿಲ್ಲ. ಅಷ್ಟು ಮಾಡಿದ್ದಕ್ಕೆ ಮೈ ಜುಮ್ಮೆಂದಿತು. ಒಂದು ಟವೆಲ್, ಒಂದು ಸೆಕೆಂಡ್ ಮುಂಚೆ. ವ್ಯತ್ಯಾಸ ಅಷ್ಟೇ.

ರಂಗಭೂಮಿಯಲ್ಲಿ ಒಂದು ಹಳೇ ಮಾತಿದೆ: ರಾಜನ ಪಾತ್ರ ಆಡುವುದು ರಾಜ ಅಲ್ಲ, ಅವನ ಸುತ್ತ ನಿಂತವರು. ರಾಜ ಕಿರೀಟ ಇಟ್ಟುಕೊಂಡು ಎಷ್ಟು ಗರ್ಜಿಸಿದರೂ ಪಕ್ಕದ ಸೈನಿಕ ಆಕಳಿಸಿದರೆ ಮುಗೀತು. ಮೈಸೂರಲ್ಲಿ ದಸರಾ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪಾಂಡವಪುರದ ತಮ್ಮನಿಗೆ ಉತ್ತರ. ತಲೆ ತಗ್ಗಿಸಿ ನಿಂತವನಿಗೆ ಏನು ಕಾಣುತ್ತದೆ ಹೇಳು? ಮುಖ ಕಾಣುತ್ತದಾ? ಇಲ್ಲ. ಮೆಟ್ಟು ಕಾಣುತ್ತದೆ, ಪಂಚೆಯ ಅಂಚು ಕಾಣುತ್ತದೆ. ಆ ಶಾಟ್ ಗೌಡನದಲ್ಲ ಕಣೋ, ಆಳಿನದು. ಅವನ ಕಣ್ಣು ಎಲ್ಲಿದೆಯೋ ಅಲ್ಲೇ ಕ್ಯಾಮೆರಾ ಇದೆ.

ಆಮೇಲೆ ಏನಾಯಿತು? ಆ ಶಾಟನ್ನು ನಮ್ಮ ಹೀರೋಗಳು ಕದ್ದರು. ಈಗ ಕಾರಿನ ಬಾಗಿಲು ತೆರೆಯುತ್ತದೆ, ಶೂ ಇಳಿಯುತ್ತದೆ, ಧೂಳು ಹಾರುತ್ತದೆ, ಥಿಯೇಟರಿನಲ್ಲಿ ಶಿಳ್ಳೆ. ಕ್ಯಾಮೆರಾ ನೆಲದ ಮೇಲೇ ಇದೆ, ಆದರೆ ಅಲ್ಲಿ ತಲೆ ತಗ್ಗಿಸಿದವನು ಯಾರೂ ಇಲ್ಲ. ಅಲ್ಲಿ ಇರುವುದು ನೀವು, ನಾನು. ಮಂಡ್ಯದ ಥಿಯೇಟರುಗಳಲ್ಲಿ ಹಾಗೆ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ, ಸುಮ್ನೆ ಸಭ್ಯಸ್ಥನ ವೇಷ ಹಾಕೋದಿಲ್ಲ.



ನಟನೆಗೆ ಬರೋಣ. ಕೀತ್ ಜಾನ್‌ಸ್ಟೋನ್ ಅಂತ ಒಬ್ಬ ನಾಟಕದ ಮೇಷ್ಟ್ರು. 1979ರ ತಮ್ಮ ಪುಸ್ತಕದಲ್ಲಿ ಒಂದು ಚಿಕ್ಕ ಸಂಗತಿ ಬರೆದಿದ್ದಾರೆ: ಮಾತಾಡುವಾಗ ತಲೆ ಅಲ್ಲಾಡಿಸದೆ ಇಟ್ಟುಕೊಂಡರೆ ನೀವು ದೊಡ್ಡವರಾಗಿ ಕಾಣುತ್ತೀರಿ. ಈಗಲೇ ಮನೆಯಲ್ಲಿ ಮಾಡಿ ನೋಡಿ. ತಲೆ ಕದಲಿಸದೆ "ಒಂದು ಲೋಟ ನೀರು ಕೊಡು" ಅನ್ನಿ. ನೀರು ಬರುವುದಿಲ್ಲ, ಬೈಗುಳ ಬರುತ್ತದೆ. ಆದರೆ ಯಾಕೆ ಬೈದರು ಅಂತ ಯೋಚಿಸಿ, ಅರ್ಥವಾಗುತ್ತದೆ.

[ಗ್ರಾಫಿಕ್: 1974]

ನಮ್ಮ ವಜ್ರಮುನಿಯವರ ದಾರಿಯೇ ಬೇರೆ. ಅವರು ರಂಗಭೂಮಿಯಿಂದ ಬಂದವರು, ರಾವಣನ ಪಾತ್ರದಲ್ಲಿ ಹೆಸರು ಮಾಡಿದವರು. ನಾಟಕದಲ್ಲಿ ಕೊನೇ ಬೆಂಚಿನವನಿಗೂ ಹುಬ್ಬು ಕಾಣಬೇಕು, ದನಿ ಮುಟ್ಟಬೇಕು. ಆ ಅಳತೆಯ ನಟನೆಯನ್ನು ಅವರು ಕ್ಲೋಸಪ್ಪಿಗೂ ತಂದರು. 1974ರ 'ಸಂಪತ್ತಿಗೆ ಸವಾಲ್'ನ ಸಾಹುಕಾರ್ ಸಿದ್ದಪ್ಪನನ್ನು ನೆನಪು ಮಾಡಿಕೊಳ್ಳಿ. ಅದೇ ವರ್ಷ 'ಭೂತಯ್ಯನ ಮಗ ಅಯ್ಯು'ವಿನಲ್ಲಿ ಎಂ.ಪಿ. ಶಂಕರ್ ಭೂತಯ್ಯ. ಶಂಕರ್ ನಮ್ಮ ಮೈಸೂರಿನವರೇ, ಕುಸ್ತಿ ಆಡಿ ಬೆಳೆದವರು. ಅವರಿಗೆ ಕೂಗುವ ಅಗತ್ಯವೇ ಕಡಿಮೆ. ಗರಡಿಯಲ್ಲಿ ಪಳಗಿದ ಮೈ, ಅಗಲವಾಗಿ ಊರಿದ ಕಾಲು. ಸುಮ್ನೆ ನಿಂತರೂ ದಾರಿ ಅಡ್ಡಗಟ್ಟಿದ ಹಾಗೆ. ಆ ಸಿನಿಮಾದಲ್ಲಿ ಭೂತಯ್ಯ ಸತ್ತಾಗ ಊರವರು ಹೆಣ ಹೊರಲು ಬರುವುದಿಲ್ಲ. ರಾಜನ ಪಾತ್ರ ಆಡಬೇಕಾದ ಜನ ಆಡುವುದಿಲ್ಲ ಅಂದುಬಿಟ್ಟರು, ಅಲ್ವಾ?

ಈ 1974 ಅನ್ನೋದು ಸುಮ್ನೆ ಬಂದ ಇಸವಿ ಅಲ್ಲ ಅನ್ನಿಸುತ್ತದೆ ನನಗೆ. ಭೂಸುಧಾರಣೆ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಮುಖ್ಯಮಂತ್ರಿ ನಮ್ಮ ಹುಣಸೂರಿನ ದೇವರಾಜ ಅರಸು. ಗೇಣಿಗೆ ಕೊಟ್ಟ ಜಮೀನು ಉಳುವವನ ಪಾಲಾಗುವ ದಾರಿ ತೆರೆಯಿತು. ಆ ಕಾನೂನು ನೋಡಿ ಈ ಸಿನಿಮಾ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಹೊರಗೆ ಗೇಣಿ ಅರ್ಜಿ ಬರೆಸಿ, ಒಳಗೆ ಬಂದು ಪರದೆ ಮೇಲೆ ಸಾಹುಕಾರ ಸೋಲುವುದನ್ನು ನೋಡಿದವನ ಚಪ್ಪಾಳೆ ಬೇರೆಯೇ ಇದ್ದಿರಬೇಕು.

ನನಗೆ ವಜ್ರಮುನಿ ಅಂದರೆ ಪ್ರಾಣ. ಆದರೂ ಒಂದು ತಕರಾರಿದೆ. ಇಷ್ಟು ಮಜಾ ಕೊಡುವ ವಿಲನ್ ಇದ್ದಾಗ ನಾವು ಅವನನ್ನೇ ನೋಡುತ್ತೇವೆ. ಎದುರು ಕೈಕಟ್ಟಿ ನಿಂತವನ ಹೆಸರು ಯಾರಿಗೆ ನೆನಪಿದೆ? ಅವನಿಗೆ ಸಿಗುವುದು ಮೇಲಿಂದ ತೆಗೆದ ಒಂದು ಶಾಟ್, ಒಂದು ಪಿಟೀಲು, ಎರಡು ಹನಿ ಕಣ್ಣೀರು. ಅಯ್ಯೋ ಪಾಪ ಅನ್ನುತ್ತೇವೆ. ಅಯ್ಯೋ ಪಾಪ ಅನ್ನುವಾಗ ನಾವೂ ಜಗಲಿ ಮೇಲೇ ಕೂತಿರುತ್ತೇವೆ.

ಹಾಗಾದರೆ ಕ್ಯಾಮೆರಾ ಎಲ್ಲಿಡಬೇಕು? ಎರಡು ಸಿನಿಮಾ ಹೇಳುತ್ತೇನೆ. ಒಂದು 'ಕಾಡು', 1973. ನಮ್ಮ ಮೈಸೂರು ಜಿಲ್ಲೆಯ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಗಿರೀಶ್ ಕಾರ್ನಾಡ್ ನಿರ್ದೇಶನ, ಕ್ಯಾಮೆರಾ ಗೋವಿಂದ್ ನಿಹಲಾನಿ. ಗೌಡನ ಪಾತ್ರ ಅಮರೀಶ್ ಪುರಿಯವರದು. ಇನ್ನೊಂದು 1977ರ 'ಘಟಶ್ರಾದ್ಧ', ಗಿರೀಶ್ ಕಾಸರವಳ್ಳಿಯವರದು, ಕಪ್ಪು ಬಿಳುಪು. ಎರಡರಲ್ಲೂ ದೊಡ್ಡವರ ದಬ್ಬಾಳಿಕೆಯನ್ನು ನೋಡುವವನು ಒಬ್ಬ ಚಿಕ್ಕ ಹುಡುಗ. ಒಂದರಲ್ಲಿ ಕಿಟ್ಟಿ, ಇನ್ನೊಂದರಲ್ಲಿ ನಾಣಿ.

ಹುಡುಗನ ಕಣ್ಣಿನ ಎತ್ತರ ಎಷ್ಟು? ಮೂರೂವರೆ ಅಡಿ ಇಟ್ಟುಕೊಳ್ಳಿ. ಅವನಿಗೆ ಎಲ್ಲ ದೊಡ್ಡವರೂ ಲೋ ಆ್ಯಂಗಲ್ಲೇ! ಗೌಡನೂ ಹಾಗೇ, ಅತ್ತೆಯೂ ಹಾಗೇ, 'ಘಟಶ್ರಾದ್ಧ'ದ ಯಮುನಕ್ಕನೂ ಹಾಗೇ. ಹೀರೋಗಿರಿ ಇಲ್ಲ, ಅಯ್ಯೋ ಪಾಪವೂ ಇಲ್ಲ. ಅರ್ಥವಾಗದ ಭಯ ಇದೆ. ಅವನು ತಡೆಯಲಾರ, ಓಡಿ ಹೋಗಲಾರ. ನೋಡುತ್ತಾನೆ. ನಾವೂ ನೋಡುತ್ತೇವೆ. ಅಲ್ಲಿ ಶಿಳ್ಳೆ ಹೊಡೆಯೋಕೆ ಬಾಯೇ ಬರುವುದಿಲ್ಲ.

[ಕ್ಯಾಮೆರಾ ಹಿಂದಿನಿಂದ: "ಟೈಮ್ ಆಯ್ತು ಗುರು."]

ಸರಿ ಸರಿ. ಎಡಿಟರ್ ಸಾಹೇಬರು ಕಣ್ಣು ಬಿಡುತ್ತಿದ್ದಾರೆ. ಅವರ ದರ್ಪಕ್ಕೆ ಯಾವ ಆ್ಯಂಗಲ್ಲೂ ಬೇಡ. ಉಳಿದದ್ದನ್ನು ಒಂದೇ ಉಸಿರಲ್ಲಿ ಹೇಳುತ್ತೇನೆ.

ಸದ್ದು: 1975ರ 'ಚೋಮನ ದುಡಿ'. ಬಿ.ವಿ. ಕಾರಂತರು ನಿರ್ದೇಶಕರು, ಮುಂದೆ 1989ರಲ್ಲಿ ನಮ್ಮ ಮೈಸೂರಿನ ರಂಗಾಯಣಕ್ಕೆ ಮೊದಲ ನಿರ್ದೇಶಕರಾದವರು. ಚೋಮನಾದ ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚೋಮನಿಗೆ ಉಳಲು ಭೂಮಿ ಬೇಕು, ಕೇಳಿದರೂ ಸಿಗುವುದಿಲ್ಲ. ಮಾತಿನ ಜಾಗದಲ್ಲಿ ದುಡಿ ಅನ್ನುವ ಚರ್ಮವಾದ್ಯ ಇದೆ. ಎಡಿಟಿಂಗ್: ಹೊಡೆತವನ್ನೇ ತೋರಿಸಬೇಕಾಗಿಲ್ಲ, ಕೈ ಎತ್ತಿದ್ದು ತೋರಿಸಿ ಪಕ್ಕದಲ್ಲಿ ನಿಂತವಳ ಮುಖಕ್ಕೆ ಕಟ್ ಮಾಡಿದರೆ ಸಾಕು, ಉಳಿದದ್ದು ನಮ್ಮ ತಲೆಯಲ್ಲೇ ನಡೆಯುತ್ತದೆ. ಮೆತ್ತಗಿನ ವಿಲನ್: 2022ರ 'ಕಾಂತಾರ'ದಲ್ಲಿ ಅಚ್ಯುತ್ ಕುಮಾರ್ ಅವರ ಧಣಿ ಬಹಳ ಹೊತ್ತು ನಗುನಗುತ್ತಲೇ ಇರುತ್ತಾನೆ. ಕೂಗುವವನಿಗಿಂತ ಆ ನಗುವೇ ನನಗೆ ಜಾಸ್ತಿ ಹೆದರಿಕೆ. ಇದಕ್ಕೇ ಒಂದು ಬೇರೆ ವಿಡಿಯೋ ಮಾಡುತ್ತೇನೆ, ಬಿಡಿ.

ಕೊನೆಗೆ ಒಂದು. ಇದನ್ನು ಎಡಿಟರ್ ಕಟ್ ಮಾಡಿದರೆ ನಾನು ಚಾನೆಲ್ ಬಿಡುತ್ತೇನೆ.

[ದೃಶ್ಯ: ಅದೇ ಜಗಲಿ. ಫೋನ್ ಹಿಡಿದು ವಿಡಿಯೋ ನೋಡುತ್ತಿರುವ ಕೈಗಳು. ಮುಖ ಕಾಣುವುದಿಲ್ಲ.]

ಶೂಟಿಂಗ್ ಮುಗಿದ ಮೇಲೆ ಅಲ್ಲೇ ಕೂತು ನೋಡುತ್ತಿದ್ದ ಒಬ್ಬ ತಾತನಿಗೆ ನಮ್ಮ ಸೀನ್ ತೋರಿಸಿದೆ. ಹಿಂದೆ ಅದೇ ಊರಲ್ಲಿ ಅವರ ಮನೆಯವರೆಲ್ಲ ಜೀತ ಮಾಡಿದವರು. ಎರಡು ಸಲ ನೋಡಿದರು. ಮೈಸೂರಿನಲ್ಲಿ ನಾಟಕದ ವೇಷಭೂಷಣದವರ ಹತ್ತಿರ ಬಾಡಿಗೆಗೆ ತಂದ ಮೆಟ್ಟು ನಮ್ಮದು, ಕಿರುಗುಟ್ಟಲಿ ಅಂತ ನೀರು ಚಿಮುಕಿಸಿ ಏನೇನೋ ಮಾಡಿದ್ದೆವು. ತಾತ ಫೋನ್ ವಾಪಸ್ ಕೊಟ್ಟು ಹೇಳಿದರು:

"ಸದ್ದು ಸರಿಗಿಲ್ಲ ಕಣಪ್ಪ. ಆವಯ್ಯ ಬಂದ್ರೆ ಸದ್ದೇ ಆಯ್ತಿರ್ಲಿಲ್ಲ. ಬರಿಗಾಲಲ್ಲೇ ಓಡಾಡೋನು."

"ಮತ್ತೆ ಬಂದ್ರು ಅಂತ ಹೆಂಗೆ ಗೊತ್ತಾಗೋದು ತಾತ?"

"ನಮ್ಮವ್ವ ಮಾತಾಡ್ತಾ ಇದ್ದೋಳು ನಿಲ್ಸ್‌ಬುಡೋಳು."

ಭಾನುವಾರ ಆ ಸೀನನ್ನು ಮತ್ತೆ ತೆಗೆಯುತ್ತಿದ್ದೇವೆ. ಮೆಟ್ಟು ವಾಪಸ್ ಕೊಟ್ಟಾಯಿತು. ಅವ್ವನ ಪಾತ್ರಕ್ಕೆ ಒಬ್ಬರು ಬೇಕು. ಮಂಡ್ಯ ಕಡೆ ಮಾತು ಬರಬೇಕು, ಆದರೆ ಡೈಲಾಗ್ ಅರ್ಧವೇ ಇದೆ. ಮಾಡುತ್ತೀರಾದರೆ ತಿಳಿಸಿ. ಬಸ್ ಚಾರ್ಜು, ಮಧ್ಯಾಹ್ನದ ಮುದ್ದೆ ಊಟ ನಮ್ಮದು.