ಚಿತ್ರ ಬರೆದರೆ ಕೋಡ್ ಬರುತ್ತಾ? ಮಾಡೆಲಿಂಗ್ ಭಾಷೆಗಳ ಕಥೆ

[ಸ್ಕ್ರೀನ್: ಕಾರಿನ ಬಾಗಿಲು. ಪವರ್ ವಿಂಡೋ ಸ್ವಿಚ್‌ನ ಕ್ಲೋಸಪ್.]

ನಮಸ್ಕಾರ. ಈ ಸ್ವಿಚ್ ನೋಡಿ. ಎಳೆದರೆ ಗಾಜು ಮೇಲೆ, ಒತ್ತಿದರೆ ಕೆಳಗೆ. ಇದಕ್ಕೆ ಸಾಫ್ಟ್‌ವೇರ್ ಬರೆಯುವುದು ಒಂದು ಮಧ್ಯಾಹ್ನದ ಕೆಲಸ ಅನಿಸುತ್ತದೆ, ಅಲ್ವಾ?

ಈಗ ಸ್ವಲ್ಪ ಪ್ರಶ್ನೆ ಕೇಳೋಣ. ಸ್ವಿಚ್ ಒಂದು ಸಲ ಎಳೆದು ಬಿಟ್ಟರೆ ಗಾಜು ಪೂರ್ತಿ ಏರಬೇಕಾ, ಬಿಟ್ಟಲ್ಲೇ ನಿಲ್ಲಬೇಕಾ? ಹಿಂದೆ ಕೂತವರು ಏರಿಸುತ್ತಿರುವಾಗ ಡ್ರೈವರ್ ಇಳಿಸಿದರೆ ಯಾರ ಮಾತು ನಡೆಯಬೇಕು? ಮಧ್ಯೆ ಮಗುವಿನ ಕೈ ಸಿಕ್ಕಿಕೊಂಡರೆ? ಕೈ ಸಿಕ್ಕಿ ಗಾಜು ಕೆಳಗಿಳಿಯುತ್ತಿರುವಾಗಲೇ ಯಾರಾದರೂ ಮತ್ತೆ ಸ್ವಿಚ್ ಎಳೆದರೆ?

ಬ್ಲಾಕ್‌ಗಳ ಚಿತ್ರ ಜೋಡಿಸಿ ಓಡಿಸಿ ನೋಡುವ ಸಿಮ್ಯುಲಿಂಕ್ ಎಂಬ ಟೂಲ್ ಕಲಿತವರಿಗೆ ಈ ಕಿಟಕಿ ಹಳೆಯ ಪರಿಚಯ. ಆ ಟೂಲ್ ಮಾಡುವ ಮ್ಯಾಥ್‌ವರ್ಕ್ಸ್ ಕಂಪನಿ ತನ್ನ ಉದಾಹರಣೆಗಳಲ್ಲಿ ಇದನ್ನೇ ಇಟ್ಟಿದೆ. ಅಲ್ಲಿನ ಷರತ್ತುಗಳು ಹೀಗಿವೆ: ಗಾಜು 4 ಸೆಕೆಂಡಿನೊಳಗೆ ಪೂರ್ತಿ ಏರಬೇಕು ಅಥವಾ ಇಳಿಯಬೇಕು. ಅಡ್ಡಿ ಇದೆ ಎಂದು ಗೊತ್ತಾಗುವಷ್ಟರಲ್ಲಿ ಅದರ ಮೇಲೆ ಬೀಳುವ ಬಲ 100 ನ್ಯೂಟನ್ ದಾಟಬಾರದು. ಅಡ್ಡಿ ಸಿಕ್ಕರೆ ಗಾಜು ಸುಮಾರು 10 ಸೆಂಟಿಮೀಟರ್ ಕೆಳಗಿಳಿಯಬೇಕು.

ಇದನ್ನೆಲ್ಲ ಇಫ್, ಎಲ್ಸ್ ಹಾಕಿ ಬರೆಯಬಹುದು. ಆದರೆ ಒಂದು ವರ್ಷ ಬಿಟ್ಟು ಅದನ್ನು ಓದುವವರ ಪಾಡೇನು? ಇದಕ್ಕೇ ಮಾಡೆಲಿಂಗ್ ಭಾಷೆಗಳು: ವ್ಯವಸ್ಥೆ ಹೇಗೆ ನಡೆದುಕೊಳ್ಳಬೇಕು ಅನ್ನೋದನ್ನು ಬಾಕ್ಸು, ಬಾಣಗಳಲ್ಲಿ ಬರೆಯುವುದು. ಆ ಚಿತ್ರವೇ ಮಾಡೆಲ್.

[ಸ್ಕ್ರೀನ್: ಇಸ್ರೇಲ್, 1982. ಲಾವಿ ಯುದ್ಧವಿಮಾನದ ಚಿತ್ರ.]

ಇದೇ ತಲೆನೋವು ಇನ್ನೂ ದೊಡ್ಡ ಪ್ರಮಾಣದಲ್ಲಿ ಇಸ್ರೇಲ್ ಏರ್‌ಕ್ರಾಫ್ಟ್ ಇಂಡಸ್ಟ್ರೀಸ್‌ಗೆ ಇತ್ತು. ಅವರು ಲಾವಿ ಎಂಬ ಯುದ್ಧವಿಮಾನ ಕಟ್ಟುತ್ತಿದ್ದರು. ವೈಝ್‌ಮನ್ ಇನ್‌ಸ್ಟಿಟ್ಯೂಟ್‌ನ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹರೆಲ್ ಅವರನ್ನು ಸಲಹೆಗಾರರಾಗಿ ಕರೆಸಿಕೊಂಡರು. ವಾರಕ್ಕೆ ಒಂದು ದಿನ ಅವರು ಅಲ್ಲಿಗೆ ಹೋಗುತ್ತಿದ್ದರು. ಅಲ್ಲಿನ ಇಂಜಿನಿಯರ್‌ಗಳು ಭಾರೀ ಬುದ್ಧಿವಂತರು. ರೇಡಾರ್ ಲೆಕ್ಕಾಚಾರ, ಹಾರಾಟದ ಸೂತ್ರ, ಯಾವುದು ಕೇಳಿದರೂ ಹೇಳುತ್ತಿದ್ದರು. ಆದರೆ "ಇಂಥ ಸನ್ನಿವೇಶದಲ್ಲಿ ಪೈಲಟ್ ಈ ಬಟನ್ ಒತ್ತಿದರೆ ಏನಾಗುತ್ತದೆ?" ಎಂದರೆ ದಪ್ಪ ದಪ್ಪ ದಾಖಲೆಗಳ ಪುಟ ತಿರುವಬೇಕಾಗುತ್ತಿತ್ತು. ಆಗಲೂ ಖಚಿತ ಉತ್ತರ ಸಿಗುತ್ತಿರಲಿಲ್ಲ.

ಸ್ಟೇಟ್ ಡಯಾಗ್ರಾಮ್ ಅನ್ನೋದು ಆಗಲೇ ಇತ್ತು. ಒಂದು ಸ್ಥಿತಿಗೆ ಒಂದು ವೃತ್ತ, ಸ್ಥಿತಿ ಬದಲಾದರೆ ಒಂದು ಬಾಣ. ತೊಂದರೆ ಬರುವುದು ಎಣಿಕೆಯಲ್ಲಿ. ಒಂದು ಕಿಟಕಿಗೆ 3 ಸ್ಥಿತಿ ಅಂದುಕೊಳ್ಳಿ: ನಿಂತಿದೆ, ಏರುತ್ತಿದೆ, ಇಳಿಯುತ್ತಿದೆ. ಕಾರಿಗೆ 4 ಕಿಟಕಿ. ಒಂದೊಂದೂ ತನ್ನ ಪಾಡಿಗೆ ತಾನು ಓಡುತ್ತದೆ. ಎಲ್ಲ ಸಾಧ್ಯತೆಗೂ ಒಂದೊಂದು ವೃತ್ತ ಹಾಕಿದರೆ 3 ಗುಣಿಲೆ 3 ಗುಣಿಲೆ 3 ಗುಣಿಲೆ 3, ಅಂದರೆ 81. ಅದಕ್ಕೆ ಚೈಲ್ಡ್ ಲಾಕ್ ಸೇರಿಸಿ, 162. ಇಗ್ನಿಷನ್ ಸೇರಿಸಿ, 324. ಗೋಡೆ ತುಂಬ ವೃತ್ತ ಬರೆದರೂ ಸಾಲದು.

[ಸ್ಕ್ರೀನ್: ಬಾಕ್ಸ್‌ಗಳು ಒಂದೊಂದಾಗಿ ಮೂಡುತ್ತವೆ.]

ಹರೆಲ್ ತಂದ ಬದಲಾವಣೆ ನೋಡಲು ಚಿಕ್ಕದು. ಮೊದಲನೆಯದು, ಚುಕ್ಕೆಗೆರೆ. ಒಂದು ದೊಡ್ಡ ಬಾಕ್ಸನ್ನು ಚುಕ್ಕೆಗೆರೆಯಿಂದ ಭಾಗ ಮಾಡಿ, "ಈ ಭಾಗಗಳು ಏಕಕಾಲಕ್ಕೆ ಓಡುತ್ತವೆ" ಅಂತ ಹೇಳುವುದು. ಆಗ 4 ಕಿಟಕಿಗೆ 81 ಬೇಡ, 12 ಬಾಕ್ಸ್ ಸಾಕು.

ಎರಡನೆಯದು, ಬಾಕ್ಸಿನೊಳಗೆ ಬಾಕ್ಸ್. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. "ಏರುತ್ತಿದೆ" ಬಾಕ್ಸಿನ ಒಳಗೆ ಎರಡು ಚಿಕ್ಕ ಬಾಕ್ಸ್: ಸ್ವಿಚ್ ಹಿಡಿದೇ ಇದ್ದಾಗ ಒಂದು, ಎಳೆದು ಬಿಟ್ಟು ತಾನಾಗಿ ಏರುವಾಗ ಇನ್ನೊಂದು. ಈಗ ದೊಡ್ಡ ಬಾಕ್ಸಿನ ಅಂಚಿನಿಂದ ಒಂದೇ ಒಂದು ಬಾಣ ಎಳೆಯಿರಿ. "ಅಡ್ಡಿ ಸಿಕ್ಕಿತು" ಅಂತ ಬರೆಯಿರಿ. ಅದು "ತುರ್ತು ಇಳಿಕೆ" ಎಂಬ ಬಾಕ್ಸಿಗೆ ಹೋಗಲಿ. ಗಾಜು ಯಾವ ರೀತಿ ಏರುತ್ತಿದ್ದರೂ ಈ ಒಂದು ಬಾಣ ಅನ್ವಯಿಸುತ್ತದೆ.

"ತುರ್ತು ಇಳಿಕೆ"ಯಿಂದ ಹೊರಗೆ ಹೋಗುವ ಬಾಣ ಎಷ್ಟಿವೆ? ಒಂದೇ. ಅದರ ಮೇಲೆ "10 ಸೆಂಟಿಮೀಟರ್ ಇಳಿಯಿತು" ಎಂದಿದೆ. ಸ್ವಿಚ್ ಎಳೆದರೆ ಅಂತ ಯಾವ ಬಾಣವೂ ಇಲ್ಲ. ಅಂದರೆ ಆ ಹೊತ್ತಿನಲ್ಲಿ ಯಾರು ಎಷ್ಟೇ ಎಳೆದರೂ ಗಾಜು ಕೇಳುವುದಿಲ್ಲ. ಉತ್ತರ ಹುಡುಕಲು ಕೋಡ್ ಓದಬೇಕಾಗಿಲ್ಲ. ಬಾಣ ಇಲ್ಲದಿರುವುದೇ ಉತ್ತರ.

ಹರೆಲ್ ಹೇಳುವ ಒಂದು ಪ್ರಸಂಗ ನನಗೆ ತುಂಬ ಇಷ್ಟ. ವಾಯುಪಡೆಯ ಪೈಲಟ್ ಒಬ್ಬರು ಅಲ್ಲಿಗೆ ಬಂದಿದ್ದರು. ಬೋರ್ಡ್ ಮೇಲಿದ್ದ ಚಿತ್ರ ಏನೆಂದು ಯಾರೋ ಅವರಿಗೆ ನಾಲ್ಕು ಮಾತಿನಲ್ಲಿ ವಿವರಿಸಿದರು. ಸ್ವಲ್ಪ ನೋಡಿದವರೇ, "ಇಲ್ಲೊಂದು ತಪ್ಪಿದೆ, ಈ ಬಾಣ ಅಲ್ಲಿಗೆ ಹೋಗಬೇಕು" ಅಂದರು. ಅವರು ಹೇಳಿದ್ದು ಸರಿಯಿತ್ತು. ಪ್ರೋಗ್ರಾಮಿಂಗ್ ಅವರ ಕೆಲಸವೇ ಅಲ್ಲ, ನೋಡಿ!

ಈ ಬಗೆಯ ಚಿತ್ರಕ್ಕೆ ಹರೆಲ್ ಇಟ್ಟ ಹೆಸರು ಸ್ಟೇಟ್‌ಚಾರ್ಟ್. ಅದರ ಕುರಿತ ಅವರ ಲೇಖನ ಪ್ರಕಟವಾದದ್ದು 1987ರಲ್ಲಿ. ಅದೇ ವರ್ಷ ಇಸ್ರೇಲ್ ಸರ್ಕಾರ ಲಾವಿ ಯೋಜನೆಯನ್ನೇ ಕೈಬಿಟ್ಟಿತು. ಅಷ್ಟರಲ್ಲಿ ಸ್ಟೇಟ್‌ಮೇಟ್ ಎಂಬ ಟೂಲ್ ಬಂದಿತ್ತು. ಅದರಲ್ಲಿ ಈ ಚಿತ್ರವನ್ನು ಓಡಿಸಿಯೇ ನೋಡಬಹುದಿತ್ತು. ನನ್ನ ಪ್ರಕಾರ ನಿಜವಾದ ತಿರುವು ಇದು. ಓಡದ ಚಿತ್ರ ಸುಮ್ನೆ ಚಿತ್ರ. ಓಡಿಸಿದಾಗ ತಪ್ಪು ತಾನೇ ಎದುರಿಗೆ ಬರುತ್ತದೆ.

[ಸ್ಕ್ರೀನ್: ಯುಎಂಎಲ್ ಡಯಾಗ್ರಾಮ್‌ಗಳ ಕೊಲಾಜ್.]

ಇನ್ನು ಯುಎಂಎಲ್, ಅಂದರೆ ಯೂನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್. ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರದಲ್ಲಿ ಬರೆಯುವ ಭಾಷೆ. ಗ್ರೇಡಿ ಬೂಚ್, ಜೇಮ್ಸ್ ರಂಬಾ, ಇವಾರ್ ಯಾಕೋಬ್ಸನ್ ಮೂವರೂ ತಂತಮ್ಮ ಪದ್ಧತಿಗಳನ್ನು ಒಂದುಗೂಡಿಸಿದರು. 1997ರಲ್ಲಿ ಓಎಂಜಿ (ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್) ಎಂಬ ಸಂಸ್ಥೆ ಅದನ್ನು ಸ್ಟ್ಯಾಂಡರ್ಡ್ ಮಾಡಿತು. ಹರೆಲ್ ಅವರ ಸ್ಟೇಟ್‌ಚಾರ್ಟ್ ಕೂಡ ಅದರೊಳಗೆ ಸೇರಿತು. ಇಂದಿನ ಯುಎಂಎಲ್‌ನಲ್ಲಿ 14 ಬಗೆಯ ಡಯಾಗ್ರಾಮ್ ಇವೆ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಇದರ ಗತಿ ನಿಮಗೆ ಗೊತ್ತೇ ಇದೆ. ಮೊದಲು ಕೋಡ್ ಮುಗಿಸಿ, ಆಮೇಲೆ ಪ್ರಾಜೆಕ್ಟ್ ರಿಪೋರ್ಟ್‌ಗೋಸ್ಕರ ಯೂಸ್ ಕೇಸ್ ಡಯಾಗ್ರಾಮ್ ಬರೆಯುತ್ತಾರೆ.

2001ರಲ್ಲಿ ಓಎಂಜಿ ಇನ್ನೂ ಮುಂದೆ ಹೋಗಿ ಎಂಡಿಎ (ಮಾಡೆಲ್ ಡ್ರಿವನ್ ಆರ್ಕಿಟೆಕ್ಚರ್) ಎಂಬ ದಾರಿ ತೋರಿಸಿತು. ಜಾವಾ, ಡಾಟ್‌ನೆಟ್ ಯಾವುದಕ್ಕೂ ಅಂಟಿಕೊಳ್ಳದ ಮಾಡೆಲ್ ಬರೆಯಿರಿ, ಬೇಕಾದ ಪ್ಲಾಟ್‌ಫಾರ್ಮ್‌ಗೆ ಕೋಡ್ ಟೂಲೇ ಹುಟ್ಟಿಸಲಿ. ಕೇಳಲು ಚೆನ್ನಾಗಿತ್ತು. ಆದರೆ ಬ್ಯಾಂಕು, ವ್ಯಾಪಾರದಂಥ ಸಾಫ್ಟ್‌ವೇರ್‌ನಲ್ಲಿ ಜಾಸ್ತಿ ದೂರ ನಡೆಯಲಿಲ್ಲ. ಯಾಕೆ? ಟೂಲ್ ಕೋಡ್ ಹುಟ್ಟಿಸುತ್ತದೆ. ಶುಕ್ರವಾರ ಸಂಜೆ ಒಂದು ಅರ್ಜೆಂಟ್ ಬಗ್ ಬರುತ್ತದೆ. ಯಾರೋ ನೇರವಾಗಿ ಕೋಡ್ ತೆರೆದು ಎರಡು ಸಾಲು ತಿದ್ದುತ್ತಾರೆ. ಮಾಡೆಲ್‌ಗೆ ಆ ಸುದ್ದಿಯೇ ಇಲ್ಲ. ಮುಂದಿನ ಸಲ ಕೋಡ್ ಹುಟ್ಟಿಸಿದಾಗ ಆ ಎರಡು ಸಾಲು ಮಾಯ. ಎರಡು ಸಲ ಹೀಗಾದರೆ ಟೀಮು ಮಾಡೆಲ್ ಕಡೆ ತಲೆ ಹಾಕುವುದನ್ನೇ ಬಿಡುತ್ತದೆ.

ಕಾರು, ವಿಮಾನಗಳಲ್ಲಿ ಹಾಗಾಗಲಿಲ್ಲ. ಕಂಟ್ರೋಲ್ ಇಂಜಿನಿಯರ್‌ಗಳು ಮೊದಲಿನಿಂದಲೂ ಬ್ಲಾಕ್ ಡಯಾಗ್ರಾಮ್‌ನಲ್ಲೇ ಯೋಚಿಸುವವರು. ಸಿಮ್ಯುಲಿಂಕ್ ಅವರಿಗೆ ಹೊಸ ಭಾಷೆ ಕಲಿಸಲಿಲ್ಲ, ಇದ್ದದ್ದನ್ನೇ ಓಡುವಂತೆ ಮಾಡಿತು. ಮಾಡೆಲ್‌ನಿಂದ ಟೂಲ್ ಹುಟ್ಟಿಸಿದ ಸಿ ಕೋಡ್‌ನಲ್ಲಿ ಒಂದು ಇನಿಶಿಯಲೈಸ್ ಫಂಕ್ಷನ್, ಒಂದು ಸ್ಟೆಪ್ ಫಂಕ್ಷನ್ ಇರುತ್ತವೆ. ಸ್ಟೆಪ್ಪನ್ನು ಇಸಿಯು, ಅಂದರೆ ಕಾರಿನೊಳಗಿನ ಚಿಕ್ಕ ಕಂಪ್ಯೂಟರ್, ಇಷ್ಟಿಷ್ಟು ಮಿಲಿಸೆಕೆಂಡಿಗೊಮ್ಮೆ ಕರೆಯುತ್ತಾ ಇರುತ್ತದೆ. ಒಳಗಿನ ವೇರಿಯಬಲ್ ಹೆಸರುಗಳು ನೋಡಲು ಚೆನ್ನಾಗಿರುವುದಿಲ್ಲ. ಪರವಾಗಿಲ್ಲ, ಅದನ್ನು ಕೈಯಿಂದ ತಿದ್ದುವ ಹಾಗೇ ಇಲ್ಲ. ತಪ್ಪಿದ್ದರೆ ಮಾಡೆಲ್ ತಿದ್ದಬೇಕು.

ಟೆಸ್ಟಿಂಗ್ ಕೂಡ ಬೇಗ ಶುರುವಾಗುತ್ತದೆ. ಮೊದಲು ಮಾಡೆಲ್ ಅನ್ನೇ ಓಡಿಸುವ ಮಿಲ್ (ಮಾಡೆಲ್ ಇನ್ ದ ಲೂಪ್), ಆಮೇಲೆ ಹುಟ್ಟಿದ ಕೋಡ್ ಓಡಿಸುವ ಸಿಲ್ (ಸಾಫ್ಟ್‌ವೇರ್ ಇನ್ ದ ಲೂಪ್), ಕೊನೆಗೆ ನಿಜವಾದ ಇಸಿಯು ಜೋಡಿಸುವ ಹಿಲ್ (ಹಾರ್ಡ್‌ವೇರ್ ಇನ್ ದ ಲೂಪ್). ಬೆಂಗಳೂರಿನ ಆಟೋಮೋಟಿವ್ ಕಂಪನಿಗಳಲ್ಲಿ ಎಂಬಿಡಿ (ಮಾಡೆಲ್ ಬೇಸ್ಡ್ ಡಿಸೈನ್) ಇಂಜಿನಿಯರ್ ಅನ್ನೋದೇ ಒಂದು ಹುದ್ದೆ. ಅವರ ದಿನದ ಮಾತು ಇದೇ. ವಿಮಾನದವರು ಇನ್ನೂ ಬಿಗಿ. ಏರ್‌ಬಸ್ ಎ380ಯಲ್ಲಿ ಬಳಸಿದ ಸ್ಕೇಡ್ ಟೂಲ್‌ನಲ್ಲಿ ಕೋಡ್ ಹುಟ್ಟಿಸುವ ಭಾಗವನ್ನೇ ವಿಮಾನ ಸುರಕ್ಷತೆಯ ನಿಯಮದಡಿ ಪರೀಕ್ಷೆಗೆ ಒಡ್ಡುತ್ತಾರೆ.

ಹಾಗಂತ ಎಲ್ಲ ಸುಖವಾಗಿಲ್ಲ. ಒಂದೇ ಮಾಡೆಲ್ ಅನ್ನು ಇಬ್ಬರು ಬದಲಿಸಿದರೆ ಜೋಡಿಸುವುದು ದೊಡ್ಡ ರಗಳೆ. ಕೋಡ್ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ, ಎರಡು ಆವೃತ್ತಿಗಳನ್ನು ಸಾಲು ಸಾಲಾಗಿ ಹೋಲಿಸುವ ಮಾಮೂಲಿ ಡಿಫ್‌ಗೆ ಬಾಕ್ಸು, ಬಾಣ ಅರ್ಥವಾಗುವುದಿಲ್ಲ. ಅದಕ್ಕೇ ಬೇರೆ ಟೂಲ್ ಬೇಕು.

[ಸ್ಕ್ರೀನ್: ಎಡಕ್ಕೆ ಪಠ್ಯ, ಬಲಕ್ಕೆ ಅದರದೇ ಚಿತ್ರ.]

ಇಡೀ ವ್ಯವಸ್ಥೆಯನ್ನು ವಿನ್ಯಾಸ ಮಾಡುವ ಸಿಸ್ಟಮ್ಸ್ ಇಂಜಿನಿಯರಿಂಗ್‌ನವರ ಮಾಡೆಲಿಂಗ್ ಭಾಷೆ ಸಿಸ್‌ಎಂಎಲ್ (ಸಿಸ್ಟಮ್ಸ್ ಮಾಡೆಲಿಂಗ್ ಲ್ಯಾಂಗ್ವೇಜ್) ಈ ತೊಂದರೆಗೆ ಕೈ ಹಾಕಿದೆ. ಅದರ ಮೊದಲ ಆವೃತ್ತಿ ಯುಎಂಎಲ್ ಮೇಲೆ ನಿಂತಿತ್ತು. 2025ರಲ್ಲಿ ಓಎಂಜಿ ಒಪ್ಪಿದ ಎರಡನೆಯದು ಯುಎಂಎಲ್ ಬಿಟ್ಟು ಹೊಸ ಬುನಾದಿ ಹಾಕಿಕೊಂಡಿದೆ. ಅದರಲ್ಲಿ ಮಾಡೆಲ್ ಅನ್ನು ಕೋಡ್‌ನಂತೆ ಅಕ್ಷರದಲ್ಲೂ ಬರೆಯಬಹುದು, ಚಿತ್ರವಾಗಿಯೂ ನೋಡಬಹುದು. ಒಂದು ಬಾಣ ಬದಲಾದರೆ ಗಿಟ್‌ನಲ್ಲಿ ಒಂದು ಸಾಲು ಬದಲಾದಂತೆ ಕಾಣುತ್ತದೆ. ಹಳೆಯ ಪ್ರಾಜೆಕ್ಟ್‌ಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಮೊದಲ ಆವೃತ್ತಿಯ ಮಾಡೆಲ್‌ಗಳನ್ನು ಇದಕ್ಕೆ ತರುವ ಕೆಲಸ ಇನ್ನೂ ಬೇಕಾದಷ್ಟಿದೆ. ಕೆಲಸ ಹುಡುಕುತ್ತಿರುವವರು ಗಮನಿಸಿ.