ಕೊನೆಯ ಹತ್ತು ಮೀಟರ್ ಫೋನ್ ಜೇಬಿಗೆ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಕಾಫಿ ಕುಡಿಯುತ್ತಲೇ ಕೇಳಿ.

ನಮ್ಮ ಕನ್ನಡ ಕೂಟದ ಈ ಸಲದ ಕ್ಯಾಂಪಿಂಗ್ ಇಲ್ಲೇ ನಮ್ಮ ವಾಷಿಂಗ್ಟನ್ ರಾಜ್ಯದ ಲೇಕ್ ಈಸ್ಟನ್ ಸ್ಟೇಟ್ ಪಾರ್ಕಿನಲ್ಲಿ. ಶನಿವಾರ ಅಲ್ಲಿಂದ ಸ್ನೋಕ್ವಾಲ್ಮಿ ಘಟ್ಟದ ಕಡೆ ಜಿಯೋಕ್ಯಾಚಿಂಗ್. "ಒಂದು ಡಬ್ಬಿ ಹುಡುಕೋಕೆ ಬೆಟ್ಟಕ್ಕೆ ಹೋಗಬೇಕೇನ್ರೀ?" ಅಂತ ಈಗಾಗಲೇ ಕೇಳಿದವರಿದ್ದಾರೆ. ಹೌದು, ಅಷ್ಟೇ! ಯಾರೋ ಒಂದು ಡಬ್ಬಿ ಬಚ್ಚಿಟ್ಟಿರುತ್ತಾರೆ, ಅದರ ಅಕ್ಷಾಂಶ ರೇಖಾಂಶ ಆ್ಯಪ್‌ನಲ್ಲಿರುತ್ತದೆ. ಹುಡುಕಬೇಕು, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕು, ಇದ್ದ ಹಾಗೇ ಮುಚ್ಚಿಟ್ಟು ಬರಬೇಕು. "ನಡಿ, ವಾಕಿಂಗ್ ಹೋಗೋಣ" ಅಂದರೆ ಸೋಫಾ ಬಿಟ್ಟು ಏಳದ ಮಕ್ಕಳು ಈ ಡಬ್ಬಿಯ ಆಸೆಗೆ ನಮಗಿಂತ ಮುಂದೆ ಓಡುತ್ತಾರೆ.

ಆಟ ಹುಟ್ಟಿದ್ದು ಇಲ್ಲೇ, ನಮ್ಮ ಪಕ್ಕದ ಒರೆಗಾನ್ ರಾಜ್ಯದಲ್ಲಿ. 2000ದ ಮೇ ತನಕ ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕಂತಲೇ ಸ್ವಲ್ಪ ಕೆಡಿಸಿ ಕೊಡುತ್ತಿತ್ತು. ಸೇನೆಗೆ ಸರಿಯಾದದ್ದು, ನಮಗೆ ನೂರು ಮೀಟರ್‌ವರೆಗೆ ಆಚೀಚೆ. ಆಗಿನ ಅಧ್ಯಕ್ಷ ಕ್ಲಿಂಟನ್ ಆದೇಶದಿಂದ ಮೇ ಮೊದಲ ವಾರದಲ್ಲಿ ಅದು ನಿಂತಿತು. ಮೇ 3ಕ್ಕೆ ಡೇವ್ ಅಲ್ಮರ್ ಎನ್ನುವವರು ಬೀವರ್‌ಕ್ರೀಕ್ ಹತ್ತಿರ ಕಾಡಿನಲ್ಲಿ ಒಂದು ಬಕೆಟ್ ಇಟ್ಟು, ಎಲ್ಲಿದೆ ಅನ್ನೋ ಅಂಕಿಗಳನ್ನು ಇಂಟರ್ನೆಟ್‌ಗೆ ಹಾಕಿದರು, ಹುಡುಕಿ ನೋಡೋಣ ಅಂತ. ಕೆಲವೇ ದಿನಗಳಲ್ಲಿ ಸಿಕ್ಕೂ ಬಿಟ್ಟಿತು. ಈಗ ಈ ಆಟದ ಮುಖ್ಯ ಕಚೇರಿ ನಮ್ಮ ಸಿಯಾಟಲ್‌ನಲ್ಲೇ ಇದೆ.

ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಮುಖ್ಯವಾಗಿ ಒಂದೇ ಮಾತು. ಡಬ್ಬಿ ಹತ್ತು ಮೀಟರ್ ದೂರ ಅಂತ ಫೋನ್ ತೋರಿಸಿದ ತಕ್ಷಣ ಅದನ್ನು ಜೇಬಿಗೆ ಹಾಕಿ. ಬಯಲಿನಲ್ಲಿ ಫೋನಿನ ಜಿಪಿಎಸ್ ನಾಲ್ಕೈದು ಮೀಟರ್‌ಗೆ ತಂದು ನಿಲ್ಲಿಸುತ್ತದೆ, ಸರಿ. ಆದರೆ ನಮ್ಮ ಈ ಬೆಟ್ಟಗಳಲ್ಲಿ ಆಕಾಶವನ್ನೇ ಮುಚ್ಚಿರೋ ಫರ್ ಮತ್ತು ಸೀಡರ್ ಮರಗಳು, ಪಕ್ಕದಲ್ಲಿ ಕಲ್ಲಿನ ಗೋಡೆ. ಉಪಗ್ರಹದ ಸಂಕೇತ ನೇರವಾಗಿ ಬರದೆ ಬಂಡೆಗೆ ತಗುಲಿ ತಿರುಗಿ ಬರುತ್ತದೆ, ದಾರಿ ಉದ್ದವಾದ್ದರಿಂದ ಫೋನ್ ಲೆಕ್ಕ ತಪ್ಪುತ್ತದೆ, ಬಾಣ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತಲೇ ಇರುತ್ತದೆ. ಅದನ್ನೇ ನೋಡುತ್ತಾ ದೊಡ್ಡವರು ಸುಮ್ನೆ ಸುತ್ತು ಹೊಡೆಯುತ್ತಾರೆ.

ಹೋದ ಬೇಸಿಗೆಯಲ್ಲಿ ಹಾಗೇ ಆಯಿತು. ನಾವೆಲ್ಲ ಫೋನ್ ಹಿಡಿದು ಹಳೆಯ ಸೀಡರ್ ಬೊಡ್ಡೆಯೊಂದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದೆವು. ಫೋನೇ ಇಲ್ಲದ ನನ್ನ ತಂಗಿಯ ಮಗಳು ಕುಕ್ಕರಗಾಲಲ್ಲಿ ಕೂತು, "ಮಾಮ, ಇಲ್ಲಿ ತೊಗಟೆ ಜೋಡಿಸಿಟ್ಟ ಹಾಗಿದೆ" ಅಂದಳು. ಬೇರೆ ಕಡೆ ತೊಗಟೆ ಅಡ್ಡಾದಿಡ್ಡಿ ಬಿದ್ದಿತ್ತು, ಅಲ್ಲಿ ಮಾತ್ರ ಒಂದೇ ದಿಕ್ಕಿಗೆ, ಮೇಲೆ ಪಾಚಿಯೂ ಇರಲಿಲ್ಲ. ಸರಿಸಿದರೆ ಹಸಿರು ಬಣ್ಣದ, ಮದ್ದುಗುಂಡು ತುಂಬಿಡುವಂಥ ಹಳೆಯ ಖಾಲಿ ಪೆಟ್ಟಿಗೆ, ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇರುತ್ತಲ್ಲ, ಅಂಥದ್ದು. ಒಳಗಿನ ಪುಸ್ತಕ ಒಂದಿಷ್ಟೂ ಒದ್ದೆಯಾಗಿರಲಿಲ್ಲ. ಪೆನ್ ಮಾತ್ರ ಯಾರ ಹತ್ತಿರವೂ ಇಲ್ಲ! ಈ ಸಲ ಮನೆಗೊಂದು ಪೆನ್ ತನ್ನಿ.

ಪೆಟ್ಟಿಗೆಯಲ್ಲಿ ಸಣ್ಣ ಆಟಿಕೆಗಳಿರುತ್ತವೆ. ಒಂದು ತೆಗೆದುಕೊಂಡರೆ ಅಷ್ಟೇ ಬೆಲೆಯದ್ದೋ ಜಾಸ್ತಿಯದ್ದೋ ಇನ್ನೊಂದು ಇಡಬೇಕು. ಊರಿಂದ ತಂದ ಚನ್ನಪಟ್ಟಣದ ಬುಗುರಿ ಇದ್ದರೆ ಅದಕ್ಕಿಂತ ಚೆಂದದ್ದು ಬೇಡ. ತಿಂಡಿ ಮಾತ್ರ ಇಡಬಾರದು. ಆ ಮೊದಲ ಬಕೆಟ್‌ನಲ್ಲಿ ಬೀನ್ಸ್ ಡಬ್ಬಿ ಇತ್ತು, ನಿಜ, ಆದರೆ ಈಗಿನ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲ. ಪ್ರಾಣಿಗಳು ವಾಸನೆ ಹಿಡಿದು ಪೆಟ್ಟಿಗೆ ಒಡೆಯುತ್ತವೆ.

ಇದೇ ಮಾತು ನಮ್ಮ ಟೆಂಟಿಗೂ ಅನ್ವಯಿಸುತ್ತದೆ. ಇಲ್ಲಿ ಕರಡಿಗಳಿವೆ. ಇಂಗು, ಕರಿಬೇವಿನ ಒಗ್ಗರಣೆ ನಮಗೆಷ್ಟು ಇಷ್ಟವೋ ಅವಕ್ಕೂ ಅಷ್ಟೇ ಕುತೂಹಲ ಹುಟ್ಟಿಸಬಹುದು, ಅಲ್ವಾ? ಉಳಿದ ಪುಳಿಯೋಗರೆ, ಚಕ್ಕುಲಿ, ಉಪ್ಪಿನಕಾಯಿ, ಕೊನೆಗೆ ಟೂತ್‌ಪೇಸ್ಟ್ ಕೂಡ ರಾತ್ರಿ ಕಾರಿನೊಳಗೆ, ಬೀಗ ಹಾಕಿ. "ಅಯ್ಯೋ, ಮಗುಗೆ ರಾತ್ರಿ ಹಸಿವಾದರೆ?" ಅಂತ ಟೆಂಟಿನಲ್ಲಿ ಬಿಸ್ಕತ್ತು ಇಟ್ಟುಕೊಳ್ಳುವ ಅಜ್ಜಿಯರಿಗೆ ವಿಶೇಷ ವಿನಂತಿ ಇದು.

ಶನಿವಾರದ ದಾರಿ ಸುಲಭ. ಘಟ್ಟದ ಮೇಲಿನ ಹಾಯಕ್ ಪಾರ್ಕಿಂಗ್‌ನಿಂದ ಹೊರಟರೆ ಸ್ವಲ್ಪ ದೂರಕ್ಕೇ ಹಳೆಯ ರೈಲು ಸುರಂಗ. 1980ರಲ್ಲಿ ರೈಲು ನಿಂತು ಈಗ ನಡೆಯುವ ದಾರಿಯಾಗಿದೆ. ಉದ್ದ ಮೂರೂವರೆ ಕಿಲೋಮೀಟರ್‌ಗೂ ಜಾಸ್ತಿ, ಒಳಗೆ ದೀಪ ಇಲ್ಲ, ಹೊರಗೆ ಸುಡುಬಿಸಿಲಿದ್ದರೂ ಒಳಗೆ ಥಂಡಿ, ತಲೆ ಮೇಲೆ ನೀರು ತೊಟ್ಟಿಕ್ಕುತ್ತದೆ. ಆಚೆ ತುದಿಯ ಹತ್ತಿರ ಕಲ್ಲಿನ ಇಳಿಜಾರಿನಲ್ಲಿ ಒಂದು ಪ್ರಸಿದ್ಧ ಪೆಟ್ಟಿಗೆ ಇದೆ. 2001ರಲ್ಲಿ ಇಟ್ಟದ್ದು, 2011ರಲ್ಲಿ ಯಾರೋ ಕದ್ದರು, ಕೆಲವು ವರ್ಷಗಳ ಮೇಲೆ ಮತ್ತೆ ಶುರುವಾಯಿತು. ಅದಕ್ಕೋಸ್ಕರ ಬೇರೆ ದೇಶಗಳಿಂದಲೂ ಜನ ಬರುತ್ತಾರೆ.

ಪ್ರತಿ ಪೆಟ್ಟಿಗೆಗೂ ಎರಡು ಅಂಕ ಕೊಟ್ಟಿರುತ್ತಾರೆ, 1ರಿಂದ 5ರವರೆಗೆ. ಒಂದು ಹುಡುಕೋದು ಎಷ್ಟು ಕಷ್ಟ ಅಂತ, ಇನ್ನೊಂದು ದಾರಿ ಎಷ್ಟು ಕಷ್ಟ ಅಂತ. ದಾರಿಗೆ 5 ಇದ್ದರೆ ಹಗ್ಗವೋ ದೋಣಿಯೋ ಬೇಕು ಅಂತ ಅರ್ಥ, ಆ ಕಡೆ ತಲೆ ಹಾಕಬೇಡಿ. ಚಿಕ್ಕ ಮಕ್ಕಳಿದ್ದರೆ 2ರೊಳಗೆ ಸಾಕು. ಹಿಂದೆ ಹೋದವರು ಬರೆದದ್ದನ್ನೂ ಓದಿ. ಮೇಲಿಂದ ಮೇಲೆ "ಸಿಗಲಿಲ್ಲ" ಅಂತಿದ್ದರೆ ಪೆಟ್ಟಿಗೆಯೇ ಮಾಯವಾಗಿರಬಹುದು.

ಇನ್ನೊಂದು ಮಾತು, ಮಧ್ಯದಲ್ಲಿ ನೆನಪಾಯಿತು. ಇಲ್ಲಿ ಬೆಟ್ಟಕ್ಕೆ ಒಯ್ಯುವ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ನಿಮ್ಮಲ್ಲಿದ್ದರೆ ಊರಿಗೆ ಹೋಗುವಾಗ ಬ್ಯಾಗಿನಲ್ಲಿ ಹಾಕಿಕೊಳ್ಳಬೇಡಿ. ಭಾರತದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳೋದು ಅಪರಾಧ, ವಿಮಾನ ನಿಲ್ದಾಣದಲ್ಲೇ ಪ್ರವಾಸಿಗರನ್ನು ಹಿಡಿದದ್ದಿದೆ.

ಘಟ್ಟದಲ್ಲಿ ಎಲ್ಲ ಕಡೆ ಸಿಗ್ನಲ್ ಸಿಗಲ್ಲ. ಮ್ಯಾಪ್, ಪೆಟ್ಟಿಗೆಗಳ ಪಟ್ಟಿ ಎರಡನ್ನೂ ಶುಕ್ರವಾರ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಹಾಯಕ್‌ನಲ್ಲಿ ಕಾರು ನಿಲ್ಲಿಸೋಕೆ ಡಿಸ್ಕವರ್ ಪಾಸ್, ಅಂದರೆ ರಾಜ್ಯದ ಪಾರ್ಕುಗಳಲ್ಲಿ ಕಾರು ನಿಲ್ಲಿಸುವ ಪರವಾನಗಿ ಬೇಕು. ಸ್ವೆಟರ್ ಇರಲಿ, ಟಾರ್ಚ್ ಒಬ್ಬೊಬ್ಬರಿಗೂ ಒಂದು. ಸುರಂಗಕ್ಕೆ ಫೋನಿನ ದೀಪ ಸಾಲದು. ಹೆಸರು ಕೊಡದವರು ಬಾಗಿಲ ಹತ್ತಿರದ ಮೇಜಿನಲ್ಲಿ ಬರೆದು ಹೋಗಿ, ಪೆನ್ ಅಲ್ಲೇ ಇದೆ. ಪ್ರಶ್ನೆ ಇದ್ದರೆ ಈಗ ಕೇಳಿ, ಮೊದಲು ಮಕ್ಕಳು.